ಸಾಲದು ಎಂದ ಸಿಸಿಲಿಯಾ ಟೀಚರು

ಕರಾವಳಿಯ ಶಿರ್ವದ ಕಡೆಯ ಆ ಹೈಸ್ಕೂಲಿನಲ್ಲಿ ಸಿಸಿಲಿಯಾ ಟೀಚರಿಂದ ಬೈಸಿಕೊಳ್ಳುವುದೆಂದರೆ ಮಕ್ಕಳಿಗೆ ಒಳಗೊಳಗೇ ಹೆಮ್ಮೆ. ಗಣಿತದ ಕ್ಲಾಸಿನಲ್ಲಿ ಅವರು ಯಾರನ್ನು ಎದ್ದು ನಿಲ್ಲಿಸಿ ಬೆವರಿಳಿಸುತ್ತಿದ್ದರೋ ಆ ಮಗು ಮುಂದೆ ಬರುವುದು ಖಾತ್ರಿ. ಯಾರ ತಲೆ ಸವರಿ "ಪಾಪ, ಒಳ್ಳೆ ಮಗು" ಎನ್ನುತ್ತಿದ್ದರೋ ಅದರ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಮನೆ ದಾರಿ ಹಿಡಿಯುತ್ತಿದ್ದಳು. "ನಮ್ಮ ಹುಡುಗ ಹೇಗೆ ಟೀಚರೇ?" ಎಂದು ಕೇಳಿದ ಹೆತ್ತವರಿಗೆ ಟೀಚರು ಮುಖ ಗಂಟಿಕ್ಕಿ "ಸಾಲದು. ಇನ್ನೂ ತುಂಬ ಕಷ್ಟಪಡ್ಬೇಕು" ಅಂದರೆ ಸಾಕು, ಅವರು ನಗುನಗುತ್ತ ಪೇಟೆಗೆ ಹೋಗಿ ಮಗನಿಗೆ ಹೊಸ ಅಂಗಿ ಹೊಲಿಸುತ್ತಿದ್ದರು. ಊರಿಗೆ ಊರೇ ಈ ಲೆಕ್ಕವನ್ನು ಅರ್ಥ ಮಾಡಿಕೊಂಡಿತ್ತು. ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಟೀಚರು ಬೆಳೆದ ಮನೆಯೇ ಹಾಗಿತ್ತು. ಮಕ್ಕಳನ್ನು ಎದುರಿಗೆ ಹೊಗಳಿದರೆ ಕಣ್ಣು ತಾಗುತ್ತದೆ ಎಂದು ತಾಯಿ, ತಲೆಗೇರುತ್ತದೆ ಎಂದು ತಂದೆ. ಇಬ್ಬರೂ ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವರು. ಆದರೂ ಕಣ್ಣು ತಾಗುವ ವಿಷಯದಲ್ಲಿ ಪಾದ್ರಿಯ ಮಾತನ್ನೂ ಕೇಳುವವರಲ್ಲ. ಸಿಸಿಲಿಯಾ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗಳಾಗಿ ಬಂದಾಗ, ಟೈಲರ್ ಅಂಗಡಿ ಇಟ್ಟಿದ್ದ ತಂದೆ "ಹ್ಞಾಂ" ಎಂದಷ್ಟೇ ಹೇಳಿ ಮತ್ತೆ ಹೊಲಿಗೆ ಮೆಷಿನ್ ತುಳಿಯತೊಡಗಿದರು. ಹುಡುಗಿ ಹಿತ್ತಲಿಗೆ ಹೋಗಿ ಅತ್ತಳು. ಮರುದಿನ ಮೀನಿನ ಬುಟ್ಟಿ ಇಳಿಸಿದ ಹೆಂಗಸು, "ಎಂತ ಮಗಾ, ನಿನ್ನ ಅಪ್ಪನ ಕಾಲು ನೆಲದ ಮೇಲೆ ನಿಲ್ಲುದಿಲ್ಲ ಮಾರಾಯ್ತಿ! ಪೇಟೆ ಇಡೀ ನಿಂದೇ ಸುದ್ದಿ" ಎಂದಳು. ಅಪ್ಪನ ಹೊಗಳಿಕೆ ಮಗಳಿಗೆ ಮುಟ್ಟಿದ್ದು ಹೀಗೆ. ಆ ಊರಲ್ಲಿ ಒಳ್ಳೆಯ ಮಾತು ನೇರ ದಾರಿಯಲ್ಲಿ ಬರುತ್ತಿರಲಿಲ್ಲ. ನಾಲ್ಕು ಮನೆ ಸುತ್ತಿಕೊಂಡು ಬರುತ್ತಿತ್ತು, ಆದರೆ ಬಂದೇ ಬರುತ್ತಿತ್ತು.

ಗಂಡ ಲಾರೆನ್ಸರ ಕೆಲಸದ ಬೆನ್ನು ಹತ್ತಿ ಟೀಚರು ಅಮೆರಿಕಕ್ಕೆ ಬಂದದ್ದು ಎರಡು ಸಾವಿರದ ಇಸವಿಯಲ್ಲಿ. ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ, ಫ್ಯಾಕ್ಟೋರಿಯಾ ಎಂಬ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸಂಸಾರ ಹೂಡಿದರು. ಮಗಳು ಶೆರಿಲ್ ಶಾಲೆಗೆ, ಗಂಡ ಆಫೀಸಿಗೆ ಹೋದ ಮೇಲೆ ಟೀಚರಿಗೆ ಕಿಟಕಿಯೇ ಗತಿ. ಗಂಡನ ವೀಸಾದ ಮೇಲೆ ಬಂದ ಹೆಂಡತಿಗೆ ಸಂಬಳದ ಕೆಲಸ ಮಾಡುವ ಹಕ್ಕಿಲ್ಲ. ಹದಿನಾಲ್ಕು ವರ್ಷ ಸೀಮೆಸುಣ್ಣ ಹಿಡಿದ ಕೈಗೆ ಒಮ್ಮೆಲೇ ಸೌಟು ಬಿಟ್ಟರೆ ಬೇರೇನೂ ಇಲ್ಲದಂತಾಯಿತು. ಟೀಚರು ಮೊದಮೊದಲು ಸುಮ್ಮನಿದ್ದರು. ಆಮೇಲೆ ಸಿಡುಕತೊಡಗಿದರು. ಕೊನೆಗೆ ಟಿವಿಯಲ್ಲಿ ಹವಾಮಾನ ಹೇಳುವವನ ಲೆಕ್ಕದಲ್ಲೂ ತಪ್ಪು ಹುಡುಕುವ ಹಂತಕ್ಕೆ ಬಂದಾಗ ಲಾರೆನ್ಸರಿಗೆ ಗಾಬರಿಯಾಯಿತು.

ಅದೇ ಹೊತ್ತಿಗೆ ಲಾರೆನ್ಸರ ಆಫೀಸು ಒಂದು ಒಪ್ಪಂದ ಮಾಡಿಕೊಂಡಿತು. ಎರಡು ಊರುಗಳ ನಡುವಿನ ಸರೋವರದಾಚೆ, ಸಿಯಾಟಲ್‌ನ ರೇನಿಯರ್ ಕಣಿವೆಯಲ್ಲಿ ಕಪ್ಪು ಜನರ ಒಂದು ಬ್ಯಾಪ್ಟಿಸ್ಟ್ ಚರ್ಚು. ಅದರ ಹತ್ತಿರವೇ ಆರರಿಂದ ಎಂಟನೇ ತರಗತಿಯವರೆಗಿನ ಒಂದು ಮಿಡ್ಲ್ ಸ್ಕೂಲು. ಚರ್ಚಿನವರು ನೆಲಮಾಳಿಗೆಯನ್ನೂ ಊಟವನ್ನೂ ಕೊಡುವುದು, ಶಾಲೆಯವರು ಮಕ್ಕಳನ್ನು ಕಳಿಸುವುದು, ಆಫೀಸಿನವರು ಹಳೆಯ ಕಂಪ್ಯೂಟರುಗಳನ್ನೂ ಶನಿವಾರ ಬೆಳಗ್ಗೆ ಪಾಠ ಹೇಳುವವರನ್ನೂ ಒದಗಿಸುವುದು. ಇದಕ್ಕೆ 'ಪಾರ್ಟ್‌ನರ್‌ಶಿಪ್' ಎಂದು ಹೆಸರು. ಉದ್ಘಾಟನೆಯ ದಿನ ಗೋಡೆಯುದ್ದದ ಬ್ಯಾನರು ಕಟ್ಟಿ, ಸಮಾನ ಅವಕಾಶ ಅದು ಇದು ಎಂದು ಬರೆಸಿ, ಫೋಟೋ ತೆಗೆಸಿಕೊಂಡದ್ದೂ ಆಯಿತು. ಎಜುಕೇಶನ್ ಹಿಲ್ ಎಂಬ ಬಡಾವಣೆಯಿಂದ ಕೌಸಲ್ಯಾ ಕೂಡ ಬಂದಿದ್ದಳು. ಮೈಸೂರಿನ ಹೆಣ್ಣು, ಲಾರೆನ್ಸರ ಸಹೋದ್ಯೋಗಿಯ ಹೆಂಡತಿ, ಟೀಚರಿಗೆ ಅಲ್ಲಿದ್ದ ಒಬ್ಬಳೇ ಕನ್ನಡದ ಗೆಳತಿ.

ಕೌಸಲ್ಯಾ ಎರಡು ಶನಿವಾರ ಬಂದಳು. ಮೂರನೆಯದಕ್ಕೆ ಫೋನು ಮಾಡಿದಳು: "ಟೀಚರ್, ನಮ್ಮೋನಿಗೆ ಸ್ಯಾಟರ್ಡೇ ಚೆಸ್ ಕ್ಲಾಸ್ ಸ್ಟಾರ್ಟ್ ಆಯ್ತು ಕಣ್ರೀ, ನಂಗೆ ಬರಕ್ಕಾಗಲ್ಲ. ನೀವು ಒಬ್ರೇ ಆ ಏರಿಯಾಗೆ ಡ್ರೈವ್ ಮಾಡ್ತೀರಾ? ಕಾರ್ ಡೋರ್ ಲಾಕ್ ಮಾಡ್ಕೊಂಡೇ ಇರಿ." ಟೀಚರಿಗೆ ಕೋಪ ಬಂತು. ಆದರೆ ಮೊದಲ ದಿನ ಸರೋವರದ ಮೇಲಿನ ತೇಲುವ ಸೇತುವೆ ದಾಟಿ ರೇನಿಯರ್ ಅವೆನ್ಯೂಗೆ ತಿರುಗಿದಾಗ ತಾವೂ ಬಾಗಿಲು ಲಾಕ್ ಮಾಡಿಕೊಂಡಿದ್ದು ನೆನಪಾಗಿ ಫೋನು ಇಟ್ಟರು. ಆಫೀಸಿನ ಉಳಿದವರೂ ಒಬ್ಬೊಬ್ಬರಾಗಿ ಜಾರಿಕೊಂಡರು. ಬ್ಯಾನರು ಗೋಡೆಯ ಮೇಲೇ ಉಳಿಯಿತು. ಟೀಚರೂ ಉಳಿದರು.

ಆ ಕ್ಲಾಸನ್ನು ನಡೆಸುತ್ತಿದ್ದವರು ಅರ್ನೆಸ್ಟೀನ್. ಸಿಟಿ ಬಸ್ ಓಡಿಸಿ ನಿವೃತ್ತರಾದ ಹೆಂಗಸು, ದೊಡ್ಡ ಮೈಕಟ್ಟು, ದೊಡ್ಡ ದನಿ. ಚರ್ಚಿನಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಅರ್ನೆಸ್ಟೀನ್ ಎನ್ನುತ್ತಿದ್ದರು. ಸಿಸ್ಟರ್ ಎಂದರೆ ಕಾನ್ವೆಂಟಿನ ಕನ್ಯಾಸ್ತ್ರೀ ಎಂದೇ ತಿಳಿದು ಬೆಳೆದ ಟೀಚರು ಮೊದಲ ದಿನ ಬಿಳಿಯ ನಿಲುವಂಗಿ ಹುಡುಕಿದರು. ಕಂಡದ್ದು ನೇರಳೆ ಬಣ್ಣದ ಟೋಪಿ. ಹದಿನೈದು ದಿನದಲ್ಲಿ ಟೀಚರೂ 'ಸಿಸ್ಟರ್ ಸಿಸಿಲಿಯಾ' ಆದರು. ಲಾರೆನ್ಸ್ ಹೊಟ್ಟೆ ಹಿಡಿದುಕೊಂಡು ನಕ್ಕು, "ಹಾಗಾದ್ರೆ ನನ್ನ ಗತಿ ಎಂತ?" ಎಂದು ಕೇಳಿದರು. ಆ ಮನೆಯಲ್ಲಿ ಆಡುವ ಮಾತು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಹೇಳಬೇಕಾಗಿದೆ.

ಇಬ್ಬರು ಹೆಂಗಸರನ್ನು ಹತ್ತಿರ ತಂದದ್ದು ಮೀನು. ಪಾಠ ಮುಗಿದ ಮೇಲೆ ಚರ್ಚಿನ ಅಡುಗೆಮನೆಯಲ್ಲಿ ಅರ್ನೆಸ್ಟೀನ್ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಮೀನು ಕರಿಯುತ್ತಿದ್ದರು. ಒಂದು ಶನಿವಾರ ಟೀಚರು ಕೆಂಪು ಮೆಣಸಿನ ಮಸಾಲೆ ಅರೆದು ತಂದು, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದರು. ಅರ್ನೆಸ್ಟೀನ್ ಒಂದು ತುಂಡು ಬಾಯಿಗಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ತುಂಡಿಗೆ ಕೈಚಾಚಿದರು. ಅಲ್ಲಿಂದ ಮುಂದೆ ಪರಕೀಯತೆ ಇರಲಿಲ್ಲ.

ಹೀಗೆ ಮೀನು ತಿನ್ನುವಾಗಲೇ ಅರ್ನೆಸ್ಟೀನ್ ಶಾಲೆಯ ಕಥೆ ಹೇಳಿದ್ದು. ಶಾಲೆಯ ಕಟ್ಟಡದ ಮೇಲ್ಮಹಡಿಯಲ್ಲಿ ಮುಂದುವರಿದ ಗಣಿತದ ಕ್ಲಾಸು ನಡೆಯುತ್ತದೆ. ಏಳನೇ ತರಗತಿಗೆ ಅಲ್ಲಿಗೆ ಹತ್ತಿದವರು ಹೈಸ್ಕೂಲಿಗೆ ಹೋಗುವಾಗ ಎಲ್ಲರಿಗಿಂತ ಒಂದು ವರ್ಷ ಮುಂದಿರುತ್ತಾರೆ, ಆಮೇಲೆ ಕಾಲೇಜಿನ ದಾರಿ ಸಲೀಸು. ಆ ಕ್ಲಾಸಿನಲ್ಲಿ ಕೂರುವವರು ಹೆಚ್ಚಾಗಿ ಬೇರೆ ಬಡಾವಣೆಗಳಿಂದ ಸಿಟಿ ಬಸ್ಸಿನಲ್ಲಿ ಬರುವ ಬಿಳಿಯರ ಮಕ್ಕಳು. ಶಾಲೆಯ ಪಕ್ಕದ ಬೀದಿಯ ಕಪ್ಪು ಮಕ್ಕಳು ಕೆಳಗೇ ಉಳಿಯುತ್ತಾರೆ. "ಆ ಬಸ್ಸು ನಾನೇ ಓಡಿಸ್ತಿದ್ದೆ ಸಿಸ್ಟರ್," ಎಂದರು ಅರ್ನೆಸ್ಟೀನ್. "ಮೇಲೆ ಹೋಗೋರನ್ನ ನಾನೇ ತಂದು ಇಳಿಸ್ತಿದ್ದೆ."

ಪರೀಕ್ಷೆ ಒಂದಿದೆ ನಿಜ. ಆದರೆ ಪಾಸಿನ ಅಂಕದ ಗೆರೆಯ ಆಚೀಚೆ ಇರುವ ಮಕ್ಕಳ ವಿಷಯದಲ್ಲಿ ಶಾಲೆಯವರ ಅಭಿಪ್ರಾಯವೇ ಕೊನೆ. ಆ ಅಭಿಪ್ರಾಯ ಈ ಬೀದಿಯ ಮಕ್ಕಳ ಪರ ಬಂದದ್ದು ಅಪರೂಪ. ಅದಕ್ಕಾಗಿಯೇ ಅರ್ನೆಸ್ಟೀನ್ ಮತ್ತು ಚರ್ಚಿನವರು ಎರಡು ವರ್ಷ ಶಾಲೆಯ ಬಾಗಿಲು ತಟ್ಟಿ, ಮೀಟಿಂಗಿನ ಮೇಲೆ ಮೀಟಿಂಗು ಮಾಡಿಸಿ, ಕೊನೆಗೂ ಒಂದು ಮಾತು ಒಪ್ಪಿಸಿದ್ದರು. ಮಗುವಿನ ಮುಂದಿನ ಕ್ಲಾಸು ಯಾವುದೆಂದು ತೀರ್ಮಾನಿಸುವಾಗ ಶನಿವಾರ ಪಾಠ ಹೇಳಿದವರೂ ಅಲ್ಲಿ ಕೂರಬೇಕು, ಅವರ ಮಾತಿಗೂ ಬೆಲೆ ಇರಬೇಕು. ಇಡೀ ಪಾರ್ಟ್‌ನರ್‌ಶಿಪ್ಪಿನಲ್ಲಿ ಕೆಲಸಕ್ಕೆ ಬರುವಂಥದ್ದು ಅಂತಿದ್ದರೆ ಅದೊಂದೇ ಕುರ್ಚಿ. ಉಳಿದದ್ದು ಬ್ಯಾನರು.

ಅರ್ನೆಸ್ಟೀನ್‌ರ ಮೊಮ್ಮಗಳು ಟಿಯಾರಾ. ಹನ್ನೆರಡು ತುಂಬುತ್ತಿದ್ದ ಹುಡುಗಿ. ಲೆಕ್ಕ ಕೊಟ್ಟರೆ ಪೆನ್ಸಿಲು ಮುಟ್ಟುವುದಿಲ್ಲ. ತಲೆಯೆತ್ತಿ ಸೂರು ನೋಡುತ್ತಾಳೆ, ಸ್ವಲ್ಪ ಹೊತ್ತಿಗೆ ಉತ್ತರ ಹೇಳುತ್ತಾಳೆ. ಒಂದು ದಿನ ಟೀಚರು ಭಿನ್ನರಾಶಿಯ ಲೆಕ್ಕವೊಂದನ್ನು ಬೋರ್ಡಿನ ತುಂಬ ಬಿಡಿಸಿ ತಿರುಗಿದರೆ, ಈ ಹುಡುಗಿ, "ಅಷ್ಟೆಲ್ಲ ಯಾಕೆ ಮಿಸ್ ಸಿಸಿಲಿಯಾ? ಎರಡನ್ನೂ ಮೊದಲೇ ಅರ್ಧ ಮಾಡಿದ್ರೆ ಆಯ್ತಲ್ಲ" ಎಂದಳು. ಟೀಚರು ಬೋರ್ಡು ನೋಡಿದರು. ಹೌದು, ಆಯ್ತಲ್ಲ. ಶಿರ್ವದ ಅಷ್ಟು ವರ್ಷಗಳಲ್ಲಿ ಯಾವ ಮಗುವೂ ಅವರಿಗೆ ಹೊಸ ದಾರಿ ತೋರಿಸಿರಲಿಲ್ಲ. ಒಳಗೆ ಜೀವ ಕುಣಿದಾಡಿತು. ಬಾಯಲ್ಲಿ ಬಂದದ್ದು ಮಾತ್ರ: "ಅಧಿಕ ಪ್ರಸಂಗ ಬೇಡ. ಹಂತ ಹಂತವಾಗಿ ಬರಿ."

ಅಂದಿನಿಂದ ಟಿಯಾರಾಳ ಗ್ರಹಚಾರ ಶುರುವಾಯಿತು. ಬೇರೆ ಮಕ್ಕಳಿಗೆ ಎರಡು ಲೆಕ್ಕವಾದರೆ ಅವಳಿಗೆ ಐದು. ಬೇರೆಯವರು ಸರಿ ಮಾಡಿದರೆ "ಗುಡ್", ಅವಳು ಸರಿ ಮಾಡಿದರೆ "ಮುಂದಿನದು ಮಾಡು." ಪಾಠ ಮುಗಿದ ಮೇಲೂ ಹುಡುಗಿ ಟೀಚರ ಮೇಜಿನ ಹತ್ತಿರ ಸುಮ್ಮಸುಮ್ಮನೆ ಸುಳಿದಾಡುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಏನನ್ನು ಎಂದು ಟೀಚರಿಗೆ ಗೊತ್ತಿಲ್ಲದೆ ಇರಲಿಲ್ಲ. ತಾವೂ ಒಂದು ಕಾಲದಲ್ಲಿ ಹೊಲಿಗೆ ಮೆಷಿನ್ನಿನ ಪಕ್ಕ ಹಾಗೇ ಸುಳಿದಾಡಿದವರು. ಆದರೆ ಕೊಟ್ಟುಬಿಟ್ಟರೆ ಕೆಟ್ಟುಹೋಗುತ್ತದೆ ಎಂಬ ಭಯ ರಕ್ತದಲ್ಲೇ ಇತ್ತು.

ಮನೆಯಲ್ಲಿ ಊಟಕ್ಕೆ ಕೂತರೆ ಟಿಯಾರಾಳದ್ದೇ ಪುರಾಣ. "ಆ ಮಗುವಿನ ತಲೆ ಉಂಟಲ್ಲ, ಅಂಥದ್ದು ನಾನು ನೋಡ್ಲೇ ಇಲ್ಲ. ಎಂಜಿನಿಯರು ಗಿಂಜಿನಿಯರು ಎಲ್ಲ ಬದಿಗಿರಲಿ, ಅವಳು ಅದಕ್ಕಿಂತ ಮೇಲೆ ಹೋಗುವ ಪೈಕಿ."

"ಅವಳ ಹತ್ರ ಹೇಳಿದ್ಯಾ?" ಎಂದು ಕೇಳಿದರು ಲಾರೆನ್ಸ್.

"ಹೇಳಿದ್ರೆ ತಲೆಗೇರ್ತದೆ."

"ಅಜ್ಜಿ ಹತ್ರ?"

"ಅಜ್ಜಿ ಹತ್ರ ಎಂತಕ್ಕೆ ಹೇಳುದು? ಅವರಿಗೆ ಗೊತ್ತಾಗುದಿಲ್ವಾ?"

ಲಾರೆನ್ಸ್ ಅನ್ನ ಕಲಸಿದರು. ಅವರೊಬ್ಬರು ರೇನಿಯರ್ ಕಣಿವೆಯ ಯಾರಿಗಾದರೂ ಸುದ್ದಿ ಮುಟ್ಟಿಸುವ ಹಾಗಿದ್ದಿದ್ದರೆ! ಆದರೆ ಅವರಿಗೆ ಅಲ್ಲಿ ಯಾರ ಪರಿಚಯವಿತ್ತು? ಫ್ಯಾಕ್ಟೋರಿಯಾದ ಊಟದ ಮೇಜಿನ ಮೇಲೆ ಆಡಿದ ಹೊಗಳಿಕೆ ಅಲ್ಲೇ ಆರಿ ಹೋಗುತ್ತಿತ್ತು. ಮೀನಿನ ಬುಟ್ಟಿ ಹೊತ್ತು ಸೇತುವೆ ದಾಟುವ ಹೆಂಗಸು ಅಲ್ಲಿ ಇರಲಿಲ್ಲ. ಇಷ್ಟು ಸಣ್ಣ ವಿಷಯ ಟೀಚರಿಗೆ ಹೊಳೆಯಲಿಲ್ಲ ಎಂಬುದೇ ಬೇಸರ.

ಎರಡು ಸಾವಿರದ ಐದರ ಮೇ ತಿಂಗಳಲ್ಲಿ ಆ ಮೀಟಿಂಗು ಬಂತು. ಪರೀಕ್ಷೆಯಲ್ಲಿ ಟಿಯಾರಾ ಗೆರೆಗಿಂತ ಕೂದಲೆಳೆಯಷ್ಟು ಕೆಳಗಿದ್ದಳು. ಹಂತಗಳನ್ನು ಬರೆಯದೆ ಬರೀ ಉತ್ತರ ಬರೆದದ್ದಕ್ಕೆ ಅಂಕ ಕಳೆದಿದ್ದರು. ಅಂದರೆ ಈಗ ಮಾತೇ ಮುಖ್ಯ. ಟೀಚರು ಅಪರೂಪಕ್ಕೆ ರೇಷ್ಮೆ ಸೀರೆ ಉಟ್ಟು ಹೋದರು. ಅರ್ನೆಸ್ಟೀನ್ ಚರ್ಚಿನ ಟೋಪಿ ಧರಿಸಿದ್ದರು. ಟಿಯಾರಾಳಿಗೆ ಭಾನುವಾರದ ಫ್ರಾಕು ತೊಡಿಸಿ, ಜಡೆ ಹೊಸದಾಗಿ ಹೆಣೆಸಿ, ಅವಳೂ ಕೇಳಲಿ ಎಂದು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಎದುರಿಗೆ ಯಾರು ಯಾವ ಕ್ಲಾಸಿಗೆಂದು ಗೊತ್ತುಮಾಡುವ ಶಾಲೆಯ ಕೌನ್ಸೆಲರ್, ಪಕ್ಕದಲ್ಲಿ ಗಣಿತದ ಮೇಷ್ಟ್ರು.

ಮೇಷ್ಟ್ರು ಹೇಳಿದ್ದು ಚುಟುಕು: "ಚುರುಕಿದ್ದಾಳೆ. ಆದ್ರೆ ಖಾತ್ರಿಯಾಗಿ ಹೇಳೋಕಾಗಲ್ಲ." ಕೌನ್ಸೆಲರ್ ತಿರುಗಿ, ಬಹಳ ಗೌರವದಿಂದಲೇ, "ಮಿಸ್ ಸಿಸಿಲಿಯಾ, ನೀವು ಇವಳನ್ನ ಹತ್ತಿರದಿಂದ ನೋಡಿದೀರಿ. ಮೇಲಿನ ಕ್ಲಾಸಿಗೆ ಇವಳು ರೆಡಿ ಇದಾಳಾ?" ಎಂದು ಕೇಳಿದರು.

ಮಗು ಎದುರಿಗೇ ಕೂತಿದೆ. ಕಣ್ಣು ಮಿಟುಕಿಸದೆ ನೋಡುತ್ತಿದೆ. ಟೀಚರು ಮುಖ ಗಂಟಿಕ್ಕಿಕೊಂಡರು.

"ಸಾಲದು," ಎಂದರು. "ಇನ್ನೂ ತುಂಬ ಕಷ್ಟಪಡಬೇಕು. ಅವಸರ ಜಾಸ್ತಿ. ಹಂತಗಳನ್ನು ಹಾರಿಸಿಬಿಡುತ್ತಾಳೆ."

ಅವರ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇರಲಿಲ್ಲ. ಇನ್ನು ಎದುರಿನವರು ನಕ್ಕು, ಆಯ್ತು ಟೀಚರೇ, ನಿಮ್ಮ ಕೈಗೆ ಸಿಕ್ಕಿದ ಮಗು ಅಲ್ವಾ, ಅನ್ನಬೇಕು. ಕೌನ್ಸೆಲರ್ ನಗಲಿಲ್ಲ. ಮೇಷ್ಟ್ರ ಮುಖದಲ್ಲಿ ಏನೋ ಹಗುರಾದಂತೆ ಕಂಡಿತು. "ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಥ್ಯಾಂಕ್ಯೂ," ಎಂದರು ಕೌನ್ಸೆಲರ್. ಅರ್ನೆಸ್ಟೀನ್ ನಿಧಾನಕ್ಕೆ ಕತ್ತು ತಿರುಗಿಸಿ ಟೀಚರನ್ನು ನೋಡಿದರು. ಟಿಯಾರಾ ಮೇಜಿನ ಅಂಚು ನೋಡುತ್ತಿದ್ದಳು.

ಹೊರಗೆ ಪಾರ್ಕಿಂಗಿನಲ್ಲಿ ಅರ್ನೆಸ್ಟೀನ್ ಶನಿವಾರ ಸಿಗೋಣ ಎಂದಷ್ಟೇ ಹೇಳಿ ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟು ನಡೆದರು. ಟೀಚರು ಮನೆಗೆ ಬಂದು ಮೀಟಿಂಗು ಚೆನ್ನಾಗಿ ಆಯಿತೆಂದು ಗಂಡನಿಗೆ ಹೇಳಿ, ಖುಷಿಗೆ ನೀರುದೋಸೆ ಮಾಡಿದರು.

ಟಿಯಾರಾಳನ್ನು ಕೆಳಗಿನ ಕ್ಲಾಸಿಗೇ ಹಾಕಿದ ಸುದ್ದಿ ಮುಂದಿನ ವಾರ ಬಂತು. ಟೀಚರು ಕೆಂಡಾಮಂಡಲವಾದರು. ಶಾಲೆಯವರಿಗೆ ಕಣ್ಣಿಲ್ಲವೇ, ಬಣ್ಣ ನೋಡಿ ಮಕ್ಕಳನ್ನು ಅಳೆಯುತ್ತಾರೆ, ಇವರ ಬ್ಯಾನರಿಗೆ ಬೆಂಕಿ ಬೀಳಲಿ ಎಂದು ಕೌಸಲ್ಯಾಳಿಗೆ ಫೋನು ಮಾಡಿ ಕೂಗಾಡಿದರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಬಯ್ಯಬೇಕಾದವರ ಪಟ್ಟಿಯಲ್ಲಿ ತಮ್ಮ ಹೆಸರೂ ಇದೆಯೆಂದು ಇನ್ನೂ ಅವರಿಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಜೂನಿನಲ್ಲಿ, ಶೆರಿಲ್‌ಳ ಶಾಲೆಯಲ್ಲಿ. ಬೆಲ್‌ವ್ಯೂನ ಆ ಶಾಲೆಯಲ್ಲೂ ಅಂಥದ್ದೇ ಮೇಲಿನ ಕ್ಲಾಸು, ಅಂಥದ್ದೇ ಮೀಟಿಂಗು. ಶೆರಿಲ್‌ಗೆ ಗಣಿತವೆಂದರೆ ಅಷ್ಟಕ್ಕಷ್ಟೆ. ಅವಳ ಅಂಕವೂ ಗೆರೆಯಿಂದ ಕೆಳಗೇ ಬಿದ್ದಿತ್ತು. ಅಲ್ಲಿನ ಟೀಚರಮ್ಮ ಯುವತಿ, ಸದಾ ನಗುಮುಖ. "ಅಮ್ಮ ಏನಂತಾರೆ?" ಎಂದು ಕೇಳಿದಳು. ಸಿಸಿಲಿಯಾ ಟೀಚರ ಬಾಯಿಂದ ತಾನಾಗಿ ಬಂತು: "ಸಾಲದು. ಇನ್ನೂ ತುಂಬ ಕಷ್ಟಪಡಬೇಕು. ಅವಸರ ಜಾಸ್ತಿ."

ಯುವತಿ ಗೊಳ್ಳೆಂದು ನಕ್ಕಳು. "ಇಂಡಿಯನ್ ಅಮ್ಮಂದಿರೆಲ್ಲ ಹೀಗೇ ಹೇಳೋದು! ನೀವೇನೂ ಚಿಂತೆ ಮಾಡ್ಬೇಡಿ. ಮೇಲಿನ ಕ್ಲಾಸಿಗೇ ಹಾಕಿದೀವಿ. ಗೆರೆ ಹತ್ರನೇ ಇದಾಳಲ್ಲ, ಹೊಂದ್ಕೋತಾಳೆ."

ಟೀಚರು ಹೊರಗೆ ಬಂದು ಕಾರಿಡಾರಿನಲ್ಲಿ ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತರು. "ಮಮ್ಮಾ, ವಾಟ್ ಹ್ಯಾಪನ್ಡ್? ಐ ಗಾಟ್ ಇನ್!" ಎಂದಳು ಶೆರಿಲ್. ಅದೇ ಬಾಯಿ, ಅದೇ ಮಾತು. ತನ್ನ ಮಗಳ ಬಗ್ಗೆ ಆಡಿದರೆ ಅದು ತಾಯಿಯ ವಿನಯ. ಟಿಯಾರಾಳ ಬಗ್ಗೆ ಆಡಿದರೆ ಅದು ಸಾಕ್ಷಿ. ತನ್ನ ಮಗಳಿಗೆ ಬಾಗಿಲು ಮೊದಲೇ ತೆರೆದಿತ್ತು, ತಾನು ಏನು ಹೇಳಿದರೂ ಮುಚ್ಚುತ್ತಿರಲಿಲ್ಲ. ಟಿಯಾರಾಳ ಬಾಗಿಲು ಮುಚ್ಚಲು ಆ ಶಾಲೆಯವರು ಒಂದು ನೆಪಕ್ಕಾಗಿ ಕಾಯುತ್ತಿದ್ದರು, ಆ ನೆಪವನ್ನು ರೇಷ್ಮೆ ಸೀರೆ ಉಟ್ಟು ಹೋಗಿ ತಾನೇ ಕೈಯಾರೆ ಕೊಟ್ಟು ಬಂದಾಗಿತ್ತು. ಹದಿನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದ ಹೆಂಗಸಿಗೆ ಇಷ್ಟು ತಿಳಿಯಲಿಲ್ಲವೇ ಎಂದು ಟೀಚರು ನಾಚಿ ಸತ್ತರು.

ಮರುದಿನವೇ ಸೇತುವೆ ದಾಟಿ ಕೌನ್ಸೆಲರ್ ಮುಂದೆ ಹೋಗಿ ನಿಂತರು. ಆ ಹುಡುಗಿ ತಮ್ಮ ಅಷ್ಟು ವರ್ಷದ ಶಿಷ್ಯರಲ್ಲೇ ಎಲ್ಲರಿಗಿಂತ ಬುದ್ಧಿವಂತೆ, ತಮ್ಮ ಊರಿನಲ್ಲಿ ಮಕ್ಕಳ ಎದುರು ಹಾಗೆ ಹೇಳುವ ವಾಡಿಕೆ ಇಲ್ಲ, ತಪ್ಪಾಯಿತು, ದಯವಿಟ್ಟು ಬದಲಾಯಿಸಿ ಎಂದು ಒಂದೇ ಉಸಿರಿಗೆ ಹೇಳಿದರು. ಕೌನ್ಸೆಲರ್ ಸಮಾಧಾನದಿಂದ ಕೇಳಿಸಿಕೊಂಡರು.

"ಮಿಸ್ ಸಿಸಿಲಿಯಾ, ಅವತ್ತು ನಾವು ನಿಮ್ಮ ಮಾತನ್ನೇ ನಂಬಿ ತೀರ್ಮಾನ ಮಾಡಿದ್ದು. ಈಗ ನೀವು ಬೇರೆ ಹೇಳಿದ್ರೆ... ಅಜ್ಜಿ ಜೊತೆ ನಿಮಗೆ ಸ್ನೇಹ ಇದೆ ಅಂತ ಎಲ್ಲರಿಗೂ ಗೊತ್ತು. ಕ್ಲಾಸು ಕೂಡ ತುಂಬಿದೆ. ಮುಂದಿನ ವರ್ಷ ನೋಡೋಣ."

ಟೀಚರು ಗೋಗರೆದರು, ಜಗಳವನ್ನೂ ಆಡಿದರು, ಗಣಿತದ ಮೇಷ್ಟ್ರನ್ನು ಕರೆಸಿ ಎಂದರು, ಹುಡುಗಿಯನ್ನು ಇಲ್ಲೇ ಕೂರಿಸಿ ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದರು. ಏನೂ ನಡೆಯಲಿಲ್ಲ. ಕೆಟ್ಟದ್ದು ಹೇಳಿದಾಗ ತಕ್ಷಣ ನಂಬಿದವರು ಒಳ್ಳೆಯದು ಹೇಳಿದಾಗ ಸ್ನೇಹವನ್ನು ಎತ್ತಿ ಆಡಿದರು.

ಅರ್ನೆಸ್ಟೀನ್‌ಗೆ ಹೇಳದೆ ಗತ್ಯಂತರವಿರಲಿಲ್ಲ. ಶನಿವಾರ ಪಾಠ ಶುರುವಾಗುವ ಮೊದಲೇ ಟೀಚರು ಅಡುಗೆಮನೆಗೆ ಹೋದರು. ಅರ್ನೆಸ್ಟೀನ್ ಮೀನು ತೊಳೆಯುತ್ತಿದ್ದರು. ಟೀಚರು ಶಿರ್ವದಿಂದ ಶುರುಮಾಡಿ ಎಲ್ಲವನ್ನೂ ಹೇಳಿದರು: ಕಣ್ಣು ತಾಗುವುದು, ತಂದೆಯ ಹೊಲಿಗೆ ಮೆಷಿನ್ನು, ಬೈಸಿಕೊಂಡ ಮಕ್ಕಳು, ಶೆರಿಲ್‌ಳ ಮೀಟಿಂಗು. ಹೇಳುತ್ತ ಹೇಳುತ್ತ ಅತ್ತರು. ಅರ್ನೆಸ್ಟೀನ್ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡರು. ಅವರ ದೊಡ್ಡ ದನಿ ಅವತ್ತು ಸಣ್ಣದಾಗಿತ್ತು.

"ನೀವು ಅವಳನ್ನ ಎಷ್ಟು ಹಚ್ಕೊಂಡಿದೀರಿ ಅಂತ ನಂಗೆ ಗೊತ್ತಿತ್ತು ಸಿಸ್ಟರ್. ಅದಕ್ಕೇ ಆ ಕುರ್ಚಿಯಲ್ಲಿ ನಿಮ್ಮನ್ನ ಕೂರಿಸಿದ್ದು. ಚರ್ಚಿನವರು ಬೇರೆ ಯಾರನ್ನಾದ್ರೂ ಕಳ್ಸೋಣ ಅಂದಾಗ ನಾನೇ ಬೇಡ ಅಂದೆ."

ಟೀಚರು ತಲೆ ತಗ್ಗಿಸಿದರು.

"ಅವಳ ಅಪ್ಪನಿಗೂ, ನನ್ನ ಮಗನಿಗೆ, ಅದೇ ಶಾಲೆಯಲ್ಲಿ ಹೀಗೇ ಅಂದಿದ್ರು. ಮುಂದಿನ ವರ್ಷ ನೋಡೋಣ ಅಂತ. ಅವನಿಗೆ ಸೇತುವೆ ಕಟ್ಬೇಕು ಅಂತಿತ್ತು. ಈಗ ಬಂದರಿನಲ್ಲಿ ಲಾರಿ ಓಡಿಸ್ತಾನೆ. ಕೆಟ್ಟ ಕೆಲಸ ಅಂತಲ್ಲ. ನಾನೂ ಬಸ್ ಓಡಿಸಿದವಳೇ. ಆದ್ರೆ ಅವತ್ತು ಹಾಗಂದವರು ಯಾರೋ ಬೇರೆಯವರು, ಬೈದು ಹಗುರ ಆದೆ. ಈ ಸಲ ನಾನೇ ಕರ್ಕೊಂಡು ಹೋಗಿ ಕೂರಿಸಿದವರೇ ಹಾಗಂದ್ರು. ಯಾರಿಗೆ ಬೈಲಿ?"

ಟೀಚರು ಕ್ಷಮೆ ಕೇಳಿದರು. ಅರ್ನೆಸ್ಟೀನ್ ತಲೆಯಾಡಿಸಿದರು, ಕ್ಷಮಿಸಿದ್ದೇನೆ ಎಂದೋ, ಅದರಿಂದ ಏನು ಬಂತು ಎಂದೋ ತಿಳಿಯಲಿಲ್ಲ. ಮತ್ತೆ ನಲ್ಲಿ ತಿರುಗಿಸಿದರು.

"ನನ್ನ ಹತ್ರ ಹೇಳಿ ಏನು ಮಾಡ್ತೀರಿ? ಅವಳ ಹತ್ರ ಹೇಳಿ. ಹೋಗಿ."

ಟಿಯಾರಾ ನೆಲಮಾಳಿಗೆಯ ಮೂಲೆಯ ಮೇಜಿನಲ್ಲಿ ಒಬ್ಬಳೇ ಕೂತಿದ್ದಳು. ಅವಳು ಆ ತಿಂಗಳೆಲ್ಲ ಒಂದು ಶನಿವಾರವನ್ನೂ ತಪ್ಪಿಸಿರಲಿಲ್ಲ. ಆದರೆ ಟೀಚರ ಮೇಜಿನ ಹತ್ತಿರ ಸುಳಿದಾಡುವುದು ನಿಂತಿತ್ತು, ವಾದ ಮಾಡುವುದು ನಿಂತಿತ್ತು. ಸೂರು ನೋಡುವುದೂ ನಿಂತಿತ್ತು. ತಲೆ ಬಗ್ಗಿಸಿ, ಬೇಕಿದ್ದರೂ ಬೇಡದಿದ್ದರೂ ಪ್ರತಿಯೊಂದು ಹಂತವನ್ನೂ ಒಂದರ ಕೆಳಗೊಂದು ಗುಂಡಗೆ ಬರೆಯುತ್ತಿದ್ದಳು. ಒಂದು ಕ್ಷಣದಲ್ಲಿ ಹೇಳಬಹುದಾದ ಉತ್ತರಕ್ಕೆ ಪುಟವೆಲ್ಲ ತುಂಬಿಸುತ್ತಿದ್ದಳು. ಟೀಚರು ಪಕ್ಕದ ಪುಟ್ಟ ಕುರ್ಚಿ ಎಳೆದುಕೊಂಡು ಕೂತರು.

"ಟಿಯಾರಾ, ನಿನ್ನ ಹತ್ತಿರ ಒಂದು ಮಾತು ಹೇಳಬೇಕು. ನಾನು ಬಹಳ ವರ್ಷ ಪಾಠ ಹೇಳಿದ್ದೇನೆ. ನೂರಾರು ಮಕ್ಕಳನ್ನು ನೋಡಿದ್ದೇನೆ. ನಿನ್ನಂಥ ಬುದ್ಧಿವಂತ ಮಗು ನನಗೆ ಒಂದೂ ಸಿಕ್ಕಿಲ್ಲ. ಆ ಮೇಲಿನ ಕ್ಲಾಸಿಗೆ ನೀನು ಯಾವತ್ತೋ ರೆಡಿ ಇದ್ದೆ. ಅವತ್ತು ನಾನು ಹೇಳಿದ್ದು ತಪ್ಪು."

ಜೀವಮಾನದಲ್ಲಿ ಒಂದು ಮಗುವಿನ ಮುಖ ನೋಡಿ ಅವರು ಇಂಥ ಮಾತು ಆಡಿದ್ದು ಅದೇ ಮೊದಲು. ಟಿಯಾರಾ ಪೆನ್ಸಿಲು ಕೆಳಗಿಟ್ಟು ಗಮನವಿಟ್ಟು ಕೇಳಿದಳು. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ದೊಡ್ಡವರ ಮನಸ್ಸು ನೋಯಿಸಬಾರದು ಎಂದು ಕಲಿತ ಮಕ್ಕಳಲ್ಲಿ ಇರುವ ಒಂದು ಜಾಣ ನಗು ಇತ್ತು.

"ಹೀಗೆ ಹೇಳಿ ಅಂತ ಗ್ರ್ಯಾನಿ ನಿಮ್ಮನ್ನ ಕಳ್ಸಿದ್ರಾ, ಮಿಸ್ ಸಿಸಿಲಿಯಾ?"

ಟೀಚರು ಮಕ್ಕಳ ಎದುರು ಸುಳ್ಳು ಹೇಳಿದವರಲ್ಲ. ಬಾಯಿ ತೆರೆದರು. "ಕಳಿಸಿದ್ದು ಹೌದು, ಆದರೆ..."

"ಪರವಾಗಿಲ್ಲ," ಎಂದಳು ಟಿಯಾರಾ, ಅವರ ಕೈ ಮೇಲೆ ಮೆಲ್ಲಗೆ ತಟ್ಟಿ. "ನೀವು ತುಂಬ ಒಳ್ಳೆಯವರು." ಪೆನ್ಸಿಲು ಎತ್ತಿಕೊಂಡು ಮುಂದಿನ ಹಂತ ಬರೆಯತೊಡಗಿದಳು.